ಕುದಿನೀರಿನ ಮುಂದೆ ನಿಲ್ಲುವುದು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವುದು ನನ್ನ ಕಸುಬು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಕುದಿನೀರಿನ ತೊಟ್ಟಿಯಲ್ಲಿ ರೇಷ್ಮೆಗೂಡಿನ ಎಳೆ ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಹೋದ ವರ್ಷ ಅದೇ ತೊಟ್ಟಿಯ ಮುಂದೆ ತಲೆ ಸುತ್ತಿ ವಾಲಿದೆ. ಹೆಂಡತಿ ಅಂಗಿ ಹಿಡಿದು ಎಳೆಯದಿದ್ದರೆ ಮುಖ ನೀರಿನಲ್ಲಿರುತ್ತಿತ್ತು. ಅಂದಿನಿಂದ ನಿಂತಲ್ಲೆಲ್ಲ ಬೀಳುವ ಭಯ.

ಕಾಲಿಗೆ ಹಿಡಿತ ಬರುತ್ತದೆಂದು ಡಾಕ್ಟರು ಹೇಳಿದ್ದರಿಂದ ಪಾರ್ಕಿನಲ್ಲಿ ತೈ ಚಿ ಎನ್ನುವ ಚೀನಾದ ನಿಧಾನ ವ್ಯಾಯಾಮ ಕಲಿಯಲು ಹೋದೆ. “ಗೂಡಿಂದ ನೂಲು ಎಳೆಯೋ ಹಾಗೆ ಕೈ ಎಳೀರಿ” ಎಂದರು ಕಲಿಸುವ ಮೇಡಂ. ಇದು ನನ್ನದೇ ವಿದ್ಯೆಯಲ್ಲವೇ ಎಂದು ನೂಲು ಸುತ್ತುವ ಚರಕದ ವೇಗದಲ್ಲಿ ಕೈ ಬೀಸಿದೆ. ಕಾಲು ತಪ್ಪಿ ಪಕ್ಕದಲ್ಲಿದ್ದ ರಿಟೈರ್ಡ್ ಮೇಷ್ಟ್ರ ಮೇಲೆ ಒರಗಿದೆ.

“ಯಾಕಪ್ಪ, ಗೂಡಿನ ಮಾರ್ಕೆಟ್ಟಿಗೆ ಹೊತ್ತಾಯ್ತಾ?” ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

“ಒಂದೇ ಗೂಡಿನ ಎಳೆ ಅಂದ್ಕೊಳಿ ಅಣ್ಣ. ಕಡೀಬಾರ್ದು” ಎಂದರು ಮೇಡಂ. ಒಂಟಿ ಎಳೆ ಎಷ್ಟು ನಾಜೂಕೆಂದು ನನಗೆ ಗೊತ್ತು. ಆಗ ನಿಧಾನವಾದೆ.

ಈಗ ತೊಟ್ಟಿಯ ಮುಂದೆ ಮೊದಲು ಮಂಡಿ ಬಗ್ಗಿಸಿ, ಭಾರವನ್ನು ಕಾಲಿಂದ ಕಾಲಿಗೆ ಮೆಲ್ಲಗೆ ಸಾಗಿಸುತ್ತೇನೆ. ಹೆಂಡತಿ ಹಿಂದೆ ಬಂದು ನಿಲ್ಲುತ್ತಾಳೆ.

“ಹೋಗೇ, ಬೀಳಲ್ಲ ನಾನು” ಅನ್ನುತ್ತೇನೆ.

ಅವಳು ಹೋಗುವುದಿಲ್ಲ. ಹೋಗದಿರಲಿ ಎಂದೇ ನನಗೂ ಇರುತ್ತದೆ.