ಖಾನಾವಳಿಯ ಟಿವಿಯಲ್ಲಿ ಕಬಡ್ಡಿ

ಹೋದ ವಾರ ನಮ್ಮ ಮನೆಯ ಮಿಕ್ಸರ್ ಕೈಕೊಟ್ಟಿತು. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಕೊಪ್ಪಳದ ಬಜಾರಿನಲ್ಲಿರುವ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಹಳೆಯ ಡಬ್ಬಿ ಟಿವಿಯನ್ನು ಬಿಚ್ಚಿಟ್ಟುಕೊಂಡು ಕೂತಿದ್ದ. ಬೆನ್ನು ಉಬ್ಬಿದ, ಎತ್ತಲು ಇಬ್ಬರು ಬೇಕಾಗುವ ಆ ಕಾಲದ ಟಿವಿ. ಅವನು ಸ್ವಿಚ್ ಹಾಕಿದ. ಪರದೆ ಬೆಳಗುವ ಮೊದಲೇ ಅದರ ಬೆನ್ನಿನಿಂದ ಬಿಸಿಯಾದ ಧೂಳಿನ ವಾಸನೆ ಬಂತು. ಆ ವಾಸನೆ ನಿಮಗೂ ಗೊತ್ತಿರಬಹುದು. ಹೊಗೆಯೂ ಅಲ್ಲ, ಸುಟ್ಟದ್ದೂ ಅಲ್ಲ, ಮುಚ್ಚಿಟ್ಟ ಕೋಣೆಯೊಳಗೆ ಯಾರೋ ಇಸ್ತ್ರಿ ಮಾಡುತ್ತಿದ್ದ ಹಾಗೆ. ನನಗಂತೂ ಆ ವಾಸನೆಯ ಹಿಂದೆಯೇ ಬಿಸಿ ರೊಟ್ಟಿಯ ವಾಸನೆಯೂ ಬಂದಂತಾಯಿತು. ಮಿಕ್ಸರಿಗೆ ಏನಾಗಿದೆ ಎಂದು ಅಂಗಡಿಯವನು ಕೇಳುತ್ತಿದ್ದರೆ ನಾನು ಯಲಬುರ್ಗಾದಲ್ಲಿದ್ದೆ.

ಹತ್ತು ವರ್ಷಗಳ ಹಿಂದಿನ ಮಾತು. ನನಗೆ ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಮದುವೆ ಆಗಿರಲಿಲ್ಲ. ಹುಟ್ಟಿ ಬೆಳೆದದ್ದು ಗಂಗಾವತಿಯಲ್ಲಿ, ಅಕ್ಕಿ ಗಿರಣಿಗಳ ಸದ್ದಿನ ನಡುವೆ. ಮೂರು ಹೊತ್ತೂ ಅನ್ನ ಉಂಡು ಬಂದವನು ನಾನು. ಕಚೇರಿಯ ಹತ್ತಿರ ಶಂಕ್ರಮ್ಮ ಎಂಬವರ ಖಾನಾವಳಿ ಇತ್ತು. ಮೊದಲ ದಿನ ಅಲ್ಲಿ ಹೋಗಿ ಕೂತವನೇ, ಎದುರಿಗಿಟ್ಟ ಎರಡು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಅನ್ನ ಕೇಳಿದೆ. ಶಂಕ್ರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು.

“ಯಾವೂರ್ರಿ ಸಾಹೇಬ್ರ?”

“ಗಂಗಾವತಿ.”

“ಅದಕ್ಕ ಮತ್ತ. ಮೊದಲ ರೊಟ್ಟಿ ಉಣ್ರಿ. ಆಮ್ಯಾಲ ಅನ್ನ ಬೇಕನಿಸಿದ್ರ ಹಾಕ್ತೀನಿ.”

ಆಮೇಲೆ ಬೇಕೆನಿಸಲಿಲ್ಲ. ಅಂದಿನಿಂದ ನಾನು ಅಲ್ಲಿಯ ಕಾಯಂ ಗಿರಾಕಿಯಾದೆ, ಅವರನ್ನು ಅಕ್ಕಾ ಎಂದು ಕರೆಯತೊಡಗಿದೆ.

ಶಂಕ್ರಮ್ಮನ ಗಂಡ ಲಾರಿ ಓಡಿಸುತ್ತಿದ್ದುದರಿಂದ ಊರಲ್ಲಿರುತ್ತಿದ್ದುದು ಅಪರೂಪ. ಖಾನಾವಳಿ ನಡೆಸುತ್ತಿದ್ದುದು ಅಕ್ಕ ಮತ್ತು ಮಗಳು ರೇಣುಕಾ. ರೇಣುಕಾ ಪಿಯುಸಿ ಓದುತ್ತಿದ್ದಳು. ಕಾಲೇಜು ಮುಗಿದ ಕೂಡಲೇ ಬಂದು ಬಡಿಸಲು ನಿಲ್ಲುತ್ತಿದ್ದಳು. ಒಂದು ಕೈಯಲ್ಲಿ ರೊಟ್ಟಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕಡಲೆಹಿಟ್ಟಿನ ಝುಣಕದ ಪಾತ್ರೆ ಹಿಡಿದು, ಒಬ್ಬರ ಮೊಣಕೈಯನ್ನೂ ತಾಗಿಸದೆ ಮೇಜುಗಳ ನಡುವೆ ನುಸುಳುವ ಅವಳನ್ನು ನೋಡಿದರೆ ಸಾಕು, ಕಾಲೇಜಿನ ಕಬಡ್ಡಿ ತಂಡದಲ್ಲಿ ಅವಳೇಕೆ ಇದ್ದಾಳೆ ಎಂದು ಕೇಳಬೇಕಾಗಿರಲಿಲ್ಲ. ಆದರೆ ಆ ಆಟವನ್ನು ತಾಯಿ ಒಂದು ಸಲವೂ ನೋಡಿರಲಿಲ್ಲ. ಪಂದ್ಯಗಳು ನಡೆಯುವುದು ಹಗಲು ಹೊತ್ತು, ಖಾನಾವಳಿಯ ಊಟವೂ ಅದೇ ಹೊತ್ತು.

ಖಾನಾವಳಿಯ ಗೋಡೆಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಮೇಲೆ, ಕಬ್ಬಿಣದ ಪಟ್ಟಿಗಳನ್ನು ಹೊಡೆದು ಒಂದು ಡಬ್ಬಿ ಟಿವಿ ಕೂರಿಸಿದ್ದರು. ಅದರ ತಲೆಯ ಮೇಲೆ ಒಂದು ಡಿವಿಡಿ ಪ್ಲೇಯರ್. ಎರಡರ ನಡುವೆ ಕೆಂಪು, ಬಿಳಿ, ಹಳದಿ ಮೂರು ವೈರು. ಪ್ಲೇಯರಿನ ಮುಂದುಗಡೆ ಪೆನ್ ಡ್ರೈವ್ ಚುಚ್ಚುವ ಒಂದು ಸಂದಿ ಇತ್ತು. ಗಂಡ ಅದರಲ್ಲಿ ಭಜನೆ ಹಾಕಿಕೊಳ್ಳುತ್ತಿದ್ದರಂತೆ. ಉಳಿದಂತೆ ಅದು ಹಳ್ಳಿಗಳಿಂದ ಬಂದವರು ತಲೆ ಎತ್ತಿ ಸುದ್ದಿ ನೋಡುತ್ತ ರೊಟ್ಟಿ ಮುರಿಯುವುದಕ್ಕೆ ಇದ್ದ ಟಿವಿ.

ಒಂದು ಸಂಜೆ ಅಕ್ಕ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಿಷಯ ಇಷ್ಟು. ರೇಣುಕಾಳ ತಂಡ ಕೊಪ್ಪಳದಲ್ಲಿ ನಡೆದ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಗಂಗಾವತಿಯ ತಂಡವನ್ನು ಸೋಲಿಸಿತ್ತು. ಅವಳಿಗೆ ಕ್ರೀಡಾ ಹಾಸ್ಟೆಲಿನಿಂದ ಕರೆ ಬಂದಿತ್ತು, ಹೋದರೆ ಓದೂ ಅಲ್ಲೇ, ಆಟವೂ ಅಲ್ಲೇ. ತಂದೆ ಫೋನಿನಲ್ಲಿ ‘ನಿಮ್ಮಣ್ಣ ಹೂಂ ಅಂದ್ರ ನಂದೂ ಹೂಂ’ ಎಂದು ಜಾರಿಕೊಂಡಿದ್ದರು. ಅಣ್ಣನೆಂದರೆ ಶಂಕ್ರಮ್ಮನ ಅಣ್ಣ ದ್ಯಾಮಣ್ಣ. ಕುಷ್ಟಗಿ ಕಡೆಯ ರೈತ. ಮನೆಯ ದೊಡ್ಡ ಮಾತುಗಳೆಲ್ಲ ಅವರ ಬಾಯಿಂದಲೇ ಬರಬೇಕು. ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ಮಂದಿ ಮುಂದೆ ಆಡುವುದು ತಮಗೆ ಸೇರುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

“ಸಂತಿ ದಿನ ಊಟಕ್ಕ ಬರ್ತಾನ,” ಎಂದರು ಅಕ್ಕ. “ಆಕಿ ಆಡಿದ್ದು ಗೆಳತಿ ಫೋನಿನ್ಯಾಗ ಐತಿ. ಅದನ್ನ ಟಿವಿಯೊಳಗ ಬರೂಹಂಗ ಮಾಡಿ ಕೊಡ್ರಿ.”

“ಫೋನಿನಲ್ಲೇ ತೋರಿಸಬಹುದಲ್ಲಕ್ಕಾ.”

“ಬ್ಯಾಡ್ರಿ. ಫೋನಿನ್ಯಾಗ ತೋರಿಸಿದ್ರ ಏನೋ ಕದ್ದು ನೋಡಿದಂಗ ಆಕ್ಕೈತಿ. ಟಿವಿಯೊಳಗ ಬಂದ್ರ ಅದಕ್ಕೊಂದು ಮರ್ಯಾದಿ ಇರ್ತೈತಿ. ನಾನೂ ನೋಡಿಲ್ಲ. ನಂಗೂ ಅಷ್ಟ ಸಣ್ಣದು ಕಾಣಂಗಿಲ್ಲ.”

ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ಲ್ಯಾಪ್‌ಟಾಪ್ ಇದ್ದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಆಗ ಊರಿನಲ್ಲಿತ್ತು, ಸ್ವಲ್ಪಮಟ್ಟಿಗೆ ನನ್ನಲ್ಲೂ ಇತ್ತು. ಹತ್ತು ನಿಮಿಷದ ಕೆಲಸ ಎಂದೆ.

ಗೆಳತಿಯ ಫೋನಿನಿಂದ ವಿಡಿಯೋ ಇಳಿಸಿಕೊಂಡು, ಪೆನ್ ಡ್ರೈವಿಗೆ ಹಾಕಿ, ಮರುದಿನ ಮಧ್ಯಾಹ್ನ ಪ್ಲೇಯರಿಗೆ ಚುಚ್ಚಿದೆ. ನೀಲಿ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿ ನಿಂತಿತು.

“ಏನಂತೈತ್ರಿ ಅದು?” ಎಂದರು ಅಕ್ಕ.

“ಒಲ್ಲೆ ಅಂತದ.”

ಹಳೆಯ ಪ್ಲೇಯರುಗಳಿಗೆ ಹೊಸ ಫೋನಿನ ಫೈಲುಗಳು ತಿಳಿಯುವುದಿಲ್ಲ, ಅವುಗಳನ್ನು ಹಳೆಯ ನಮೂನೆಗೆ ಬದಲಾಯಿಸಿ ಕೊಡಬೇಕು ಎಂದು ಓದಿಕೊಂಡೆ. ಬದಲಾಯಿಸುವ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡೆ. ಬೆಳಿಗ್ಗೆ ಅದನ್ನು ಓಡಲು ಬಿಟ್ಟು ಕಚೇರಿಗೆ ಹೋಗುತ್ತಿದ್ದೆ. ಮಧ್ಯಾಹ್ನ ರೂಮಿಗೆ ಬಂದು ನೋಡಿದರೆ ಕರೆಂಟು ಹೋಗಿ, ಬ್ಯಾಟರಿಯೂ ಮುಗಿದು, ಕೆಲಸ ಅರ್ಧಕ್ಕೇ ಮಲಗಿರುತ್ತಿತ್ತು. ಅಂತೂ ಒಂದು ದಿನ ಪೂರ್ತಿಯಾಯಿತು. ಖಾನಾವಳಿಯಲ್ಲಿ ಹಾಕಿದರೆ ಶಬ್ದ ಮಾತ್ರ ಬಂತು, ಚಿತ್ರ ಬರಲಿಲ್ಲ. ಸೀಟಿ, ಚಪ್ಪಾಳೆ, ಹುಡುಗಿಯರ ಕೂಗು. ಉಣ್ಣಲು ಕೂತವರೆಲ್ಲ ಕಪ್ಪು ಪರದೆಯನ್ನೇ ನೋಡುತ್ತ ಇಡೀ ಪಂದ್ಯ ಕೇಳಿದರು. ದಿನಾ ಬರುತ್ತಿದ್ದ ಬಸ್ ಕಂಡಕ್ಟರ್ ಒಬ್ಬರು, “ರೇಡಿಯೋದಾಗಿನ ಕಾಮೆಂಟ್ರಿಗಿಂತ ಛಲೋ ಐತಿ ಬಿಡ್ರಿ,” ಎಂದು ನನಗೆ ಸಮಾಧಾನ ಹೇಳಿದರು.

ಮುಂದಿನ ಸಲ ಚಿತ್ರ ಬಂತು, ಆದರೆ ಅಡ್ಡಡ್ಡ ಮಲಗಿ ಬಂತು. ಗೆಳತಿ ಫೋನನ್ನು ಅಡ್ಡ ಮಾಡದೆ ನೆಟ್ಟಗೆ ಹಿಡಿದು ತೆಗೆದಿದ್ದಳು. ಫೋನು ಅದನ್ನು ತಾನೇ ನೇರ ಮಾಡಿ ತೋರಿಸುತ್ತಿತ್ತು, ನಮ್ಮ ಪ್ಲೇಯರಿಗೆ ಆ ಜಾಣತನ ಇರಲಿಲ್ಲ. ಆಟಗಾರ್ತಿಯರು ಗೋಡೆ ಹತ್ತುವ ಹಲ್ಲಿಗಳಂತೆ ಕಂಡರು. ಊಟಕ್ಕೆ ಕೂತವರೆಲ್ಲ ಕತ್ತನ್ನು ಎಡಕ್ಕೆ ವಾಲಿಸಿ, ಹಾಗೇ ರೊಟ್ಟಿಯನ್ನು ಬಾಯಿಗಿಡುತ್ತಿದ್ದರು. ಕಂಡಕ್ಟರ್ ಮಾತ್ರ ಕತ್ತು ನೋಯುತ್ತದೆಂದು ಬೆಂಚಿನ ಮೇಲೆ ಒರಗಿಯೇಬಿಟ್ಟರು.

ಅದನ್ನು ತಿರುಗಿಸಿ ನಿಲ್ಲಿಸಿದೆ. ಈಗ ಎಲ್ಲರೂ ನೇರ ನಿಂತರು. ಆದರೆ ಫೈಲು ಭಾರವಾಗಿ, ಹಳೆಯ ಪ್ಲೇಯರು ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳತೊಡಗಿತು. ಹಾಗಾದರೆ ಭಾರ ಇಳಿಸಬೇಕು. ವಿಡಿಯೋ ಕುಗ್ಗಿಸುವುದೆಂದರೆ ಗಾದಿಯನ್ನು ಸುತ್ತಿ ಟ್ರಂಕಿಗೆ ತುರುಕಿದ ಹಾಗೆ, ಎಲ್ಲಿಯವರೆಗೆ ಒತ್ತಬಹುದು, ಎಲ್ಲಿಗೆ ಹತ್ತಿ ಹೊರಗೆ ಬರುತ್ತದೆ ಎಂಬುದು ಅನುಭವಿಗಳಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ನಾಳೆಯೇ ಸಂತೆ, ಇನ್ನೊಮ್ಮೆ ಪರೀಕ್ಷೆ ಮಾಡಲು ಸಮಯವಿಲ್ಲ. ನಿಲ್ಲದೆ ಓಡಿದರೆ ಸಾಕು ಎಂದು ಎಷ್ಟು ಸಾಧ್ಯವೋ ಅಷ್ಟೂ ಕುಗ್ಗಿಸಿಬಿಟ್ಟೆ.

ಸಂತೆಯ ದಿನ ದ್ಯಾಮಣ್ಣ ಬಂದರು. ಎತ್ತರದ, ತೂಕದ ಆಳು, ಬಿಳಿ ಧೋತರ, ತಲೆಗೆ ರುಮಾಲು. ಕೈ ತೊಳೆದು ಟಿವಿಯ ಎದುರಿನ ಮೇಜಿಗೆ ಕೂತರು. ಅಕ್ಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ, ನನಗೆ ಕಣ್ಣಲ್ಲೇ ಹೇಳಿದರು. ನಾನು ರಿಮೋಟ್ ಒತ್ತಿದೆ.

ಚಿತ್ರ ನಿಲ್ಲದೆ ಓಡಿತು. ಆದರೆ ಚಿತ್ರ ಅನ್ನುವುದು ಉಳಿದಿರಲಿಲ್ಲ. ಸುಮ್ಮನೆ ನಿಂತಾಗ ಹುಡುಗಿಯರಿಗೆ ಕೈಕಾಲು ಇರುತ್ತಿದ್ದವು. ಓಡತೊಡಗಿದರೆ ಚೌಕ ಚೌಕವಾಗಿ ಕಲಸಿಹೋಗುತ್ತಿದ್ದರು, ಕೆಂಪು ಚೌಕಗಳು ನೀಲಿ ಚೌಕಗಳ ಮೇಲೆ ಬೀಳುತ್ತಿದ್ದವು.

ದ್ಯಾಮಣ್ಣ ಕಣ್ಣು ಕಿರಿದು ಮಾಡಿ ನೋಡಿದರು. “ಇದರಾಗ ನಮ್ಮಾಕಿ ಯಾಕಿ?”

“ಕೆಂಪನ್ನಾಕಿ, ಮಾಮಾ,” ಎಂದಳು ರೇಣುಕಾ. ರೊಟ್ಟಿ ಬುಟ್ಟಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

“ಅರ್ಧಾ ಮಂದಿ ಕೆಂಪ ಅದಾರಲ್ಲ.”

“ಬಿದ್ದು ಬಿದ್ದು ಏಳತಾಳ ನೋಡ್ರಿ, ಆಕೀನ ನಾ.”

ಅವರು ನೋಡಿದರು. ನೋಡನೋಡುತ್ತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಚಡ್ಡಿಯ ಮಾತು ಬರಲು ದಾರಿಯೇ ಇರಲಿಲ್ಲ. ಆ ಚೌಕಗಳಲ್ಲಿ ಯಾವುದು ಚಡ್ಡಿ, ಯಾವುದು ಅಂಗಳದ ಮಣ್ಣು ಎಂದು ಬ್ರಹ್ಮನಿಗೂ ಹೇಳಲಾಗುತ್ತಿರಲಿಲ್ಲ. ಕಾಣುತ್ತಿದ್ದುದು ಆಟದ ಓಟ ಮಾತ್ರ. ಒಂದು ಕೆಂಪು ಚೌಕ ನುಗ್ಗುತ್ತಿತ್ತು, ಬಾಗುತ್ತಿತ್ತು, ತಪ್ಪಿಸಿಕೊಂಡು ಬರುತ್ತಿತ್ತು.

“ಹೊರಳು, ಹೊರಳು,” ಎಂದರು ದ್ಯಾಮಣ್ಣ ಮೆಲ್ಲಗೆ. ಅವರು ಪ್ರಾಯದಲ್ಲಿ ಊರಿನ ತಂಡದಲ್ಲಿ ಆಡಿದವರೆಂದು ನನಗೆ ತಿಳಿದದ್ದು ಆಮೇಲೆ.

ಕೊನೆಯ ದಾಳಿ ಬಂತು. ಎರಡೂ ತಂಡ ಸಮ. ರೇಣುಕಾ ಒಳಗೆ ಹೋದಳು, ಮೂವರು ಅವಳ ಕಾಲು ಹಿಡಿದರು, ಅವಳು ಅವರನ್ನು ಎಳೆದುಕೊಂಡೇ ನಡುಗೆರೆಯ ಕಡೆಗೆ ತೆವಳಿದಳು. ಸರಿಯಾಗಿ ಆ ಗಳಿಗೆಯಲ್ಲಿ ಇಡೀ ಪರದೆ ಒಂದೇ ಬಣ್ಣದ ಮುದ್ದೆಯಾಯಿತು. ಸೀಟಿ ಕೇಳಿಸಿತು, ಕೇಕೆ ಕೇಳಿಸಿತು. ಚಿತ್ರ ತಿಳಿಯಾಗುವಷ್ಟರಲ್ಲಿ ಎಲ್ಲರೂ ಕುಣಿಯುತ್ತಿದ್ದರು.

ದ್ಯಾಮಣ್ಣ ಎದ್ದು ನಿಂತಿದ್ದರು. “ಗೆರಿ ಮುಟ್ಟಿದ್ಯೋ ಇಲ್ಲೋ?”

“ಮುಟ್ಟೀನಿ, ಮಾಮಾ.”

“ಕಾಣಲಿಲ್ಲಲ್ಲ. ಸಾಹೇಬ್ರ, ಹಿಂದಕ್ಕ ಹಾಕ್ರಿ.”

ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಪ್ಲೇಯರು ಹಿಂದಕ್ಕೆ ಹೋಗುವ ಬದಲು ಮೊದಲಿನಿಂದ ಶುರು ಮಾಡಿತು. ಊಟಕ್ಕೆ ಬಂದವರಲ್ಲಿ ಎರಡು ಪಕ್ಷವಾದವು. ಮುಟ್ಟಿದಳು ಎಂದು ಕೆಲವರು, ಮೂರು ಮಂದಿ ಹಿಡಿದ ಮೇಲೆ ಮುಟ್ಟುವುದು ಆಗದ ಮಾತು ಎಂದು ಕೆಲವರು. “ಸಾಹೇಬ್ರು ಗಂಗಾವತ್ಯಾವ್ರು ಅದಾರ, ತಮ್ಮೂರು ಸೋತದ್ದು ಕಾಣಬಾರದಂತ ಬೇಕಂತ ಕೆಡಿಸ್ಯಾರ,” ಎಂದರು ಕಂಡಕ್ಟರ್. ನಾನು ರಿಮೋಟನ್ನು ಮೇಜಿನ ಮೇಲಿಟ್ಟೆ.

ರೇಣುಕಾ ಬುಟ್ಟಿಯನ್ನು ಕೆಳಗಿಟ್ಟಳು. “ಮಾಮಾ, ನೀವ ಹಿಡೀರಿ. ಮುಟ್ಟಾಕ ಆಕ್ಕೈತೋ ಇಲ್ಲೋ ನೋಡೂಣು.”

ಶಂಕ್ರಮ್ಮ ಮಗಳ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ, ಮುಷ್ಟಿ ತುಂಬ ಜೋಳದ ಹಿಟ್ಟು ತಂದು, ಖಾನಾವಳಿಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದರು.

ನಾವೆಲ್ಲ ಸೇರಿ ಮೇಜುಗಳನ್ನು ಬದಿಗೆ ಸರಿಸಿದೆವು. ದ್ಯಾಮಣ್ಣ ಕೈ ತೊಳೆದು, ಧೋತರ ಮೇಲೆ ಕಟ್ಟಿ ನಿಂತರು. ರೇಣುಕಾ ವೇಲನ್ನು ಸೊಂಟಕ್ಕೆ ಬಿಗಿದು, ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದಳು. ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ಹೋಗಿ ಮಾವನ ಭುಜ ಮುಟ್ಟಿದಳು. ತಿರುಗುವಷ್ಟರಲ್ಲಿ ಅವರು ಕೆಳಗೆ ಬಿದ್ದು ಅವಳ ಎರಡೂ ಕಾಲನ್ನು ತಬ್ಬಿ ಹಿಡಿದರು. ಹುಡುಗಿ ದೊಪ್ಪನೆ ಬಿದ್ದಳು. ಅಕ್ಕನ ಕೈ ಬಾಯಿಗೆ ಹೋಯಿತು. ರೇಣುಕಾ ಉಸಿರು ಬಿಡಲಿಲ್ಲ, ಮಾತು ನಿಲ್ಲಿಸಲಿಲ್ಲ. ಮೊಣಕೈ ಊರಿ ಒಂದು ಗೇಣು ಎಳೆದಳು, ಇನ್ನೊಂದು ಗೇಣು ಎಳೆದಳು. ಅಷ್ಟು ದೊಡ್ಡ ಆಳು ಅವಳ ಹಿಂದೆ ಜಾರಿಕೊಂಡು ಬರುತ್ತಿದ್ದರು. ಕೊನೆಗೆ ಮೈಯನ್ನೆಲ್ಲ ಚಾಚಿ ಬೆರಳ ತುದಿಯನ್ನು ಹಿಟ್ಟಿನ ಮೇಲೆ ಒತ್ತಿದಳು.

ಖಾನಾವಳಿಯ ಮಾಡಿನ ತಗಡು ಹಾರಿಹೋಗುವಂತೆ ಜನ ಕೂಗಿದರು. ಕೂಗದೆ ನಿಂತವರು ಶಂಕ್ರಮ್ಮ ಒಬ್ಬರೇ. ಅವರು ಮಗಳ ಆಟವನ್ನು ಕಣ್ಣೆದುರಿಗೇ ಮೊದಲ ಸಲ ನೋಡಿದ್ದರು, ಅದೂ ತಾವು ದಿನಾ ಗುಡಿಸುವ ನೆಲದ ಮೇಲೆ.

ದ್ಯಾಮಣ್ಣ ನೆಲದ ಮೇಲೇ ಕೂತು ಸುಧಾರಿಸಿಕೊಂಡರು. ರುಮಾಲು ಬಿಚ್ಚಿಹೋಗಿತ್ತು, ಮೀಸೆಗೆ ಹಿಟ್ಟು ಹತ್ತಿತ್ತು.

“ಬರಿಗಾಲಾಗ ಆಡ್ತೀರೋ, ಬೂಟು ಹಾಕ್ಕೊಂಡೋ?” ಎಂದರು ಆಮೇಲೆ.

“ಬೂಟು, ಮಾಮಾ.”

“ನಿನ್ನ ಬೂಟು ಹೆಂಗದಾವ?”

“ಹರದಾವ.”

“ತಂಗಿ,” ಎಂದು ಅವರು ಶಂಕ್ರಮ್ಮನ ಕಡೆ ತಿರುಗಿದರು, “ಹಾಸ್ಟೆಲಿಗೆ ಹೋಗೂಕಿಂತ ಮೊದಲ ಈಕೀಗೆ ಛಲೋ ಬೂಟು ಕೊಡಸಬೇಕು. ಸಂತ್ಯಾಗಿನವು ಬ್ಯಾಡ. ನಾ ಕೊಪ್ಪಳಕ್ಕ ಕರಕೊಂಡು ಹೊಕ್ಕೀನಿ.”

ಅಕ್ಕ ಹೂಂ ಎಂದು, ಒಲೆಯ ಮೇಲೆ ಏನೋ ಹೊತ್ತುತ್ತಿದೆ ಎಂದು ಹೇಳಿ ಒಳಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ಆ ದಿನದಿಂದ ಯಲಬುರ್ಗಾದಲ್ಲಿ ನನ್ನ ಹೆಸರು ಕೆಡಬೇಕಿತ್ತು. ಆಗಿದ್ದು ಬೇರೆ. ಜನ ಮದುವೆ ವಿಡಿಯೋಗಳನ್ನು ತಂದು, ತಮ್ಮ ಹಳೆಯ ಟಿವಿಗೆ ಬರುವಂತೆ ಮಾಡಿಕೊಡಿ ಎನ್ನತೊಡಗಿದರು. ಅಗಲ ಚಿತ್ರವನ್ನು ಚೌಕ ಪರದೆಗೆ ಕೂರಿಸುವಾಗ ನನ್ನ ಕೈಯಲ್ಲಿ ಎಲ್ಲರೂ ತೆಳ್ಳಗೆ, ಉದ್ದಕ್ಕೆ ಎಳೆದುಹೋಗುತ್ತಿದ್ದರು. ಯಾರೂ ದೂರಲಿಲ್ಲ. ಭಾರೀ ಮೈಯ ಮದುಮಗನೊಬ್ಬ, ಫೋಟೋದವನಿಗಿಂತ ನೀವೇ ಛಲೋ ತೆಗೆದಿದ್ದೀರಿ ಎಂದು ಹೇಳಿ ಹೋದ. ತೆಗೆದವನು ನಾನಲ್ಲ ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಆಮೇಲೆ ವರ್ಗವಾಗಿ ಕೊಪ್ಪಳಕ್ಕೆ ಬಂದೆ. ಮದುವೆಯಾಯಿತು. ಈಗ ನಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನಷ್ಟೇ ದಪ್ಪದ ಟಿವಿ ಇದೆ. ಏನು ಕೊಟ್ಟರೂ ಒಲ್ಲೆ ಅನ್ನುವುದಿಲ್ಲ. ನನ್ನ ಫೋನಿನಲ್ಲಿ ವಿಡಿಯೋಗಳು ರಾಶಿ ಬಿದ್ದಿವೆ, ಒಂದನ್ನೂ ಅದರಲ್ಲಿ ಹಾಕಿ ನೋಡಿಲ್ಲ. ತೆಗೆದಿಟ್ಟರೆ ನೋಡಿದಂತೆಯೇ ಎಂದು ಕೈಗೆ ರೂಢಿಯಾಗಿಬಿಟ್ಟಿದೆ.

ಹೋದ ವಾರ ಮಿಕ್ಸರ್ ಕೊಟ್ಟು ರಿಪೇರಿ ಅಂಗಡಿಯಿಂದ ಹೊರಬಂದವನು ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಎಷ್ಟೋ ವರ್ಷದ ಮೇಲೆ ಮಾಡಿದರೂ, “ಉಂಡ್ರೇನ್ರಿ ಸಾಹೇಬ್ರ?” ಎಂದೇ ಶುರು ಮಾಡಿದರು. ರೇಣುಕಾ ಈಗ ಕುಷ್ಟಗಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಂತೆ. ಭಾನುವಾರ ಅವಳ ಹುಡುಗಿಯರ ಪಂದ್ಯವಿದೆಯಂತೆ. “ಖಾನಾವಳಿ ಬಂದ್ ಮಾಡಿ ನಾನೂ ಹೊಂಟೀನಿ. ಬರ್ರಿ ನೀವೂ.”

ನಿನ್ನೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಮೈದಾನದ ಅಂಚಿನಲ್ಲಿ ಜಮಖಾನೆ ಹಾಸಿಕೊಂಡು ಅಕ್ಕ ಕೂತಿದ್ದರು. ಅವರ ಪಕ್ಕದಲ್ಲಿ ದ್ಯಾಮಣ್ಣ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹುಡುಗಿಯರ ನೀರಿನ ಬಾಟಲಿಗಳನ್ನೆಲ್ಲ ತಮ್ಮ ಕಾವಲಿನಲ್ಲಿ ಇಟ್ಟುಕೊಂಡಿದ್ದರು. ರೇಣುಕಾ ದೂರದಿಂದಲೇ ಕೈ ಎತ್ತಿ ನಕ್ಕು, ತಿರುಗಿ ತನ್ನ ಹುಡುಗಿಯರನ್ನು ಗದರಿಸತೊಡಗಿದಳು.

ಆಟ ಶುರುವಾದಾಗ ಹೆಂಡತಿ, “ವಿಡಿಯೋ ತೆಗೆಯಂಗಿಲ್ಲೇನು?” ಎಂದಳು. ಕೈ ಜೇಬಿಗೆ ಹೋಗಿತ್ತು. ಅಷ್ಟರಲ್ಲಿ ರೇಣುಕಾಳ ತಂಡದ ಪುಟಾಣಿಯೊಬ್ಬಳು, ನನ್ನ ಎದೆಯೆತ್ತರಕ್ಕೂ ಬಾರದವಳು, ನಾಲ್ವರ ನಡುವೆ ನುಗ್ಗಿಬಿಟ್ಟಳು. ಫೋನು ಜೇಬಿನಲ್ಲೇ ಉಳಿಯಿತು. ಮುಂದಿನದನ್ನು ನನ್ನ ಹೆಂಡತಿಯೇ ಹೇಳಬೇಕು. ನಾನು ಗೆರೆಯ ತನಕ ಓಡಿಹೋಗಿ ನಿಂತು ಕೂಗುತ್ತಿದ್ದೆನಂತೆ. ರೆಫರಿ ಎರಡು ಸಲ ನನ್ನನ್ನು ಹಿಂದಕ್ಕೆ ಕಳಿಸಿದರಂತೆ.

ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

“ನೆಗಡಿ ಆಗೇತೇನ್ರಿ?” ಎಂದರು ಪಕ್ಕದ ಮೇಜಿನವರು.

ಕಬಡ್ಡಿ ಎಂದೆ. ಅವರಿಗೆ ಕೇಳಿಸಲಿಲ್ಲ, ಬಿಸಿನೀರು ಕುಡಿಯಿರಿ ಎಂದರು.