ಡೋಕಿಯಾ ಒತ್ತಿದ ಕಡುಬು

ಡೋಕಿಯಾ ಹ್ರಿಂಕಿವ್ ಒತ್ತಿದ ಕಡುಬು ಕುದಿಯುವ ನೀರಿನಲ್ಲಿ ಬಾಯಿ ಬಿಟ್ಟದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹಾಗೆಂದು ಡೋಕಿಯಾಳೇ ಹೇಳುತ್ತಿದ್ದಳು, ಯಾರು ಕೇಳಿದರೂ ಸರಿ, ಕೇಳದಿದ್ದರೂ ಸರಿ.

ಸಸ್ಕ್ಯಾಚವಾನ್ ಸೀಮೆಯ ಆ ಪುಟ್ಟ ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹನ್ನೆರಡು ಹೆಂಗಸರು ಸೇರಿ ಆಲೂಗಡ್ಡೆ ಹೂರಣದ ಕಡುಬು ಮಾಡಿ ಮಾರುತ್ತಿದ್ದರು. ಚರ್ಚಿನ ಚಾವಣಿ ನಿಂತಿದ್ದದ್ದೇ ಆ ಕಡುಬಿನ ಮೇಲೆ. ಅಂಚು ಒತ್ತುವ ಮೇಜಿನ ತಲೆಯ ಕುರ್ಚಿ ಮೂವತ್ತು ವರ್ಷದಿಂದ ಡೋಕಿಯಾಳದು. ಕೈ ಸೋತವರಿಗೆ ಚೀಲಕ್ಕೆ ಚೀಟಿ ಅಂಟಿಸುವ ಮೂಲೆ. ಅಲ್ಲಿಗೆ ಅಟ್ಟುತ್ತಿದ್ದವಳೂ ಅವಳೇ, ಸ್ವಲ್ಪವೂ ದಾಕ್ಷಿಣ್ಯವಿಲ್ಲದೆ.

ಆರು ವರ್ಷದ ಹಿಂದೆ ಸಂಧಿವಾತ ಬಂದು ಅವಳ ಬೆರಳ ಗಿಣ್ಣುಗಳಲ್ಲಿ ಬಿಡಾರ ಹೂಡಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ಡಾಕ್ಟರು ಕೊಟ್ಟ ನೋವಿನ ಮಾತ್ರೆ ಬೇರೆ ದಿನಗಳಿಗೆ ಸಾಕು, ಗುರುವಾರಕ್ಕೆ ಸಾಲದು. ಟೀ ಹೊತ್ತಿಗೆ ಆ ನೆಲಮಾಳಿಗೆಯಲ್ಲಿ ಹೆಂಗಸರು ಉಪ್ಪಿನಕಾಯಿ ಹಂಚಿಕೊಂಡಂತೆ ಮಾತ್ರೆ ಹಂಚಿಕೊಳ್ಳುತ್ತಿದ್ದರು. ಒಬ್ಬಳ ಬೆನ್ನಿನದು, ಇನ್ನೊಬ್ಬಳ ಗಂಡನ ಮಂಡಿಯದು. ಹೆಸರು ಬೇರೆ, ಬಣ್ಣ ಬೇರೆ ಅಂದಮೇಲೆ ಮದ್ದೂ ಬೇರೆಯೇ ಎಂದು ಡೋಕಿಯಾಳ ವಾದ. ಅವಳು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಗುರುವಾರ ಮುಂಜಾನೆ ಮೂರು ಬಗೆಯದನ್ನೂ ಖಾಲಿ ಹೊಟ್ಟೆಗೆ, ಕಪ್ಪು ಕಾಫಿಯ ಜೊತೆ ನುಂಗುತ್ತಿದ್ದಳು. ಹೊಟ್ಟೆಯೇನೂ ನೋಯಲಿಲ್ಲ. ಬೆರಳಿನ ನೋವು ಮುಚ್ಚಿದ ಮಾತ್ರೆಯೇ ಹೊಟ್ಟೆಯ ನೋವನ್ನೂ ಮುಚ್ಚಿಟ್ಟಿತ್ತು.

ಮಲ ಡಾಂಬರಿನಂತೆ ಕಪ್ಪಾದಾಗ ಅವಳು ಕ್ರಿಸ್ಮಸ್‌ನ ಕಪ್ಪು ಗಸಗಸೆ ರೊಟ್ಟಿಯನ್ನು ದೂರಿದಳು. ಹಬ್ಬ ಮುಗಿದು ಮೂರು ವಾರವಾಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬಂತು, ಅದಕ್ಕೆ ಚಳಿಯನ್ನು ದೂರಿದಳು. ದೂರಲು ಇನ್ನೇನೂ ಉಳಿಯದ ಒಂದು ಗುರುವಾರ ಲಟ್ಟಿಸಿದ ಹಿಟ್ಟಿನ ಮೇಲೆ ತಲೆಯಿಟ್ಟು ಬಿದ್ದುಬಿಟ್ಟಳು.

ಹೊಟ್ಟೆಯಲ್ಲಿ ಹುಣ್ಣಾಗಿ ವಾರಗಟ್ಟಲೆ ರಕ್ತ ಸೋರಿದೆ ಎಂದರು ಆಸ್ಪತ್ರೆಯವರು. ಎರಡು ಬಾಟಲಿ ರಕ್ತ ಏರಿಸಿದರು. ಏನೇನು ಮಾತ್ರೆ ತಗೊಳ್ತೀರಿ ಎಂದು ಡಾಕ್ಟರು ಎರಡೆರಡು ಸಲ ಕೇಳಿದರೂ ಡೋಕಿಯಾ ಒಂದೇ ಒಂದರ ಹೆಸರು ಹೇಳಿದಳು. ಉಳಿದವನ್ನು ಹೇಳಿದರೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಬೆರಳು ಮಡಚುವುದಿಲ್ಲ. ಆಮೇಲೆ ಚೀಟಿ ಅಂಟಿಸುವ ಮೂಲೆಯೇ ಗತಿ.

ಸಂಜೆ, ನೆಲಮಾಳಿಗೆಯಲ್ಲಿ ಕಡುಬು ಬೇಯಿಸುವ ಸ್ಟೆಫ್ಕಾ ಬೀಟ್‌ರೂಟ್ ಸಾರು ಹಿಡಿದುಕೊಂಡು ಬಂದಳು. ಅವಳ ಮಗಳಿಗೆ ಡೋಕಿಯಾಳೇ ಧರ್ಮತಾಯಿ. ಅದಕ್ಕಾಗಿ ಇಬ್ಬರೂ ಒಬ್ಬರನ್ನೊಬ್ಬರು ಕುಮಾ ಎಂದೇ ಕರೆಯುತ್ತಿದ್ದರು.

"ಗುರುವಾರದೊಳಗೆ ಮನೆಗೆ ಬಿಡ್ತಾರಾ ಕೇಳು ಕುಮಾ," ಎಂದಳು ಡೋಕಿಯಾ. "ನಾನಿಲ್ದಿದ್ರೆ ನಿಮ್ ಕಡುಬೆಲ್ಲ ನೀರಲ್ಲಿ ಬಾಯಿ ಬಿಟ್ಕೊಂಡ್ ಕೂರ್ತವೆ."

ಸ್ಟೆಫ್ಕಾ ಸಾರಿನ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

"ನಿನ್ನವೇ ಎರಡು ವರ್ಷದಿಂದ ಬಾಯಿ ಬಿಡ್ತಾನೇ ಇವೆ ಕಣೇ. ನಿನ್ ತಟ್ಟೆ ಒಲೆ ಹತ್ರ ಬಂದ್ಮೇಲೆ ಒಂದೊಂದನ್ನೂ ನಾನೇ ಮತ್ತೆ ಒತ್ತಿ ನೀರಿಗೆ ಹಾಕ್ತಿದ್ದೆ. ಎಲ್ರಿಗೂ ಗೊತ್ತು. ಯಾರೂ ನಿಂಗೆ ಹೇಳ್ಬಾರ್ದು ಅಂತ ಮಾತಾಗಿತ್ತು."

ಹುಣ್ಣು ನೋಡಲು ಗಂಟಲಿಗೆ ಕೊಳವೆ ಇಳಿಸಿದಾಗ ಅಳದವಳು ಗೋಡೆಯ ಕಡೆ ತಿರುಗಿ ಅತ್ತಳು. ನಾಚಿಕೆಯೂ ಆಗಿತ್ತು, ಅವರೆಲ್ಲರ ಮೇಲೆ ಕೆಟ್ಟ ಸಿಟ್ಟೂ ಬಂದಿತ್ತು. ಮರುದಿನ ಡಾಕ್ಟರು ಬಂದಾಗ ಕೇಳುವ ಮೊದಲೇ ಮೂರೂ ಮಾತ್ರೆಗಳ ಹೆಸರು ಒಪ್ಪಿಸಿದಳು. ಅವುಗಳಲ್ಲಿ ಎರಡು ಒಂದೇ ಮದ್ದು, ಕಂಪನಿ ಮಾತ್ರ ಬೇರೆ. ಡಾಕ್ಟರು ಮೂರನ್ನೂ ನಿಲ್ಲಿಸಿದರು. ಹುಣ್ಣಿಗೆ ಔಷಧಿ ಕೊಟ್ಟು, ಕೀಲಿನ ಹೊಸ ಮದ್ದು ಹಿಡಿಯಲು ತಿಂಗಳುಗಳೇ ಬೇಕು ಎಂದರು.

ಆರು ವಾರದ ಮೇಲೆ ಡೋಕಿಯಾ ನೆಲಮಾಳಿಗೆಗೆ ಬಂದಾಗ ತಲೆಯ ಕುರ್ಚಿ ಖಾಲಿಯೇ ಇತ್ತು. ಕೂತು ಹತ್ತು ಕಡುಬು ಒತ್ತಿದಳು. ಅದಕ್ಕೇ ಅರ್ಧ ಗಂಟೆ ಹಿಡಿಯಿತು, ಆರರ ಅಂಚು ಆಗಲೇ ಬಿರಿದಿತ್ತು. ಹನ್ನೊಂದು ಜನರೂ ತಮ್ಮ ತಮ್ಮ ಹಿಟ್ಟನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ತಟ್ಟೆ ಒಯ್ಯಲು ಸ್ಟೆಫ್ಕಾ ಎದ್ದಳು. ಡೋಕಿಯಾ ಅದರ ಅಂಚು ಹಿಡಿದುಕೊಂಡಳು.

"ಕದ್ದು ಒತ್ತಿದ್ದು ಸಾಕು ಕುಮಾ. ಇಲ್ಲೇ ಕೂತ್ಕೊಂಡು, ನನ್ ಎದುರಿಗೇ ಒತ್ತು. ಅಂಚು ತೆಳ್ಳಗಿರ್ಲಿ, ನೀನು ಒತ್ತಿದ್ದು ಚಪ್ಪಲಿ ಅಟ್ಟೆ ಥರ ಇರುತ್ತೆ."

ಸ್ಟೆಫ್ಕಾ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಳು.