ಎರಡು ಬಟ್ಟಲು ಹಿಟ್ಟು

ಯಾರನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ಚುಟ್ಟಿ ಕಲಿಸಿದ ಮೇಷ್ಟ್ರನ್ನಂತೂ ಒಂದು ವರ್ಷ ಪೂರ್ತಿ ಅನುಮಾನದಿಂದಲೇ ನೋಡಿದೆ.

ಯಕ್ಷಗಾನದ ರಾಕ್ಷಸನ ಮುಖದ ಮೇಲೆ ಮುಳ್ಳುಮುಳ್ಳಾಗಿ ನಿಲ್ಲುವ ಬಿಳಿ ಚುಕ್ಕಿಗಳೇ ಚುಟ್ಟಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದಾಗಿ ಇಡಬೇಕು. ಮೈಸೂರಿನವನಾದ ನಾನು ವಾರವೆಲ್ಲ ಐರೋಲಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಠಾಕುರ್ಲಿಯ ಅವರ ಮನೆಗೆ ಹೋಗುತ್ತಿದ್ದೆ. ಅವರು ಕರಾವಳಿಯವರು, ವಾಗ್ಳೆ ಎಸ್ಟೇಟಿನ ಹೋಟೆಲೊಂದರಲ್ಲಿ ದುಡಿದು ನಿವೃತ್ತರಾದವರು.

ನಾನು ತಲುಪುವ ಮೊದಲೇ ಹಿಟ್ಟು ಕಲಸಿಟ್ಟಿರುತ್ತಿದ್ದರು. ಒಂದು ವಾರ ನೀರುನೀರು, ಇನ್ನೊಂದು ವಾರ ಗಟ್ಟಿ. ನನ್ನ ಮಂಡಿಯ ಮೇಲೇ ಇಟ್ಟು ಅಭ್ಯಾಸ. ಚುಕ್ಕಿ ಜಾರುತ್ತಿತ್ತು, ಇಲ್ಲವೇ ಉದುರುತ್ತಿತ್ತು. ಅಳತೆ ಕೇಳಿದರೆ, "ಅಳತೆ ಎಂತದು ಮಾರಾಯ, ಇಟ್ಟು ನೋಡು" ಅನ್ನುತ್ತಿದ್ದರು. ಒಳಗೆ ಹೋಗಿ ಹೆಂಡತಿಯ ಜೊತೆ ತುಳುವಿನಲ್ಲಿ ಏನೋ ಹೇಳಿ ನಗುತ್ತಿದ್ದರು. ನನಗೆ ತುಳು ಬಾರದು, ಆದರೆ ನಗು ನನ್ನ ಮೇಲೇ ಎಂದು ಖಾತ್ರಿಯಿತ್ತು. ಮನೆಯಲ್ಲಿ ಮೈದಾ ಬೆರೆಸಿದೆ, ಗೋಂದು ಬೆರೆಸಿದೆ, ಯಾವುದೂ ನಿಲ್ಲಲಿಲ್ಲ. ಮುದುಕ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದು ಹಲ್ಲು ಕಡಿದೆ.

ಒಂದು ಸಲ ಡೊಂಬಿವಲಿಯಲ್ಲಿ ಮಧ್ಯಾಹ್ನದ ಯಕ್ಷಗಾನದ ಆಟ. ಎರಡು ರಾಕ್ಷಸ ವೇಷಗಳಲ್ಲಿ ಒಂದಕ್ಕೆ ಚುಟ್ಟಿ ಇಡುವುದನ್ನು ಮೇಷ್ಟ್ರು ಮೊದಲ ಸಲ ನನಗೆ ಬಿಟ್ಟರು. ಇದು ಕೆಟ್ಟರೆ ಇನ್ನೊಂದು ಮುಖ ನನಗೆ ಯಾರೂ ಕೊಡುವುದಿಲ್ಲ ಎಂದು ಗೊತ್ತಿತ್ತು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಎರಡು ಬಟ್ಟಲು ಹಿಟ್ಟಿತ್ತು. ಹೊಸ ಸ್ಟೀಲಿನದು ನನಗೆ, ನೆಗ್ಗಿದ್ದು ಅವರಿಗೆ. ಒಳ್ಳೆಯ ಹಿಟ್ಟು ತಮಗೇ ಇಟ್ಟುಕೊಂಡಿದ್ದಾರೆ ಅನ್ನಿಸಿತು. ಅವರು ಚಹಾಕ್ಕೆ ಹೋದಾಗ, ಬಟ್ಟಲುಗಳನ್ನು ಇದ್ದಲ್ಲೇ ಬಿಟ್ಟು, ಒಳಗಿನ ಹಿಟ್ಟನ್ನಷ್ಟೇ ಅದಲುಬದಲು ಮಾಡಿದೆ.

ಎದುರು ಕೂತ ವೇಷಧಾರಿಯ ಎಡಗೆನ್ನೆಯ ಮೇಲೆ ಹತ್ತು ಚುಕ್ಕಿ ಇಡುವಷ್ಟರಲ್ಲಿ ಮೊದಲಿನವು ಗಲ್ಲದತ್ತ ಹರಿದವು. ಒರೆಸಿ ಮತ್ತೆ ಇಟ್ಟೆ, ಮತ್ತೆ ಹರಿದವು. ಹೊರಗೆ ಚೆಂಡೆ ಶುರುವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರೂ ಕೇಳುವ ಮೊದಲೇ "ನಾನೇನೂ ಮಾಡಿಲ್ಲ" ಅಂದೆ.

ತಮ್ಮ ಪಾಲಿನ ವೇಷಕ್ಕೆ ಚುಟ್ಟಿ ಇಟ್ಟು ಮುಗಿಸಿದ್ದ ಮೇಷ್ಟ್ರು ಬಂದು ನನ್ನ ಹಿಟ್ಟಿಗೆ ಬೆರಳು ಅದ್ದಿದರು.

"ಇದು ನನ್ನದಲ್ವಾ? ನೀರು ಜಾಸ್ತಿ ಬಿತ್ತು ಅಂತ ನಾನು ಇಟ್ಕೊಂಡದ್ದು. ಒಳ್ಳೇದು ನಿನಗೆ ಇಟ್ಟಿದ್ದೆ."

ನಾಚಿಕೆಯಿಂದ ಸತ್ತೇ ಹೋದೆ. "ಮತ್ತೆ ಪ್ರತಿ ವಾರ ಬೇರೆ ಬೇರೆ ಹಿಟ್ಟು ಯಾಕೆ ಕೊಡ್ತಿದ್ರಿ?" ಎಂದು ಹೇಗೋ ಕೇಳಿದೆ.

"ದಿನಾ ಒಂದೇ ನಮೂನೆ ಹಿಟ್ಟು ಸಿಗ್ತದಾ? ಸರಿ, ಕಡ್ಡಿ ಕೊಡು."

ಅವರು ಬಲಗೆನ್ನೆಗೆ ಕೂತರು. ಅದೇ ಬಟ್ಟಲು, ಅದೇ ನೀರುಹಿಟ್ಟು. ಚುಕ್ಕಿಗಳು ಇಟ್ಟಲ್ಲೇ ನಿಂತವು.